ಓದುಗರ ಪ್ರಶ್ನೆ: ಕಾರಿಗೆ ಹಚ್ಚಿದ ಸೀಲಂಟ್ ಯಾಕೆ ನಿಲ್ಲುತ್ತಿಲ್ಲ?

ಸೀಲಂಟ್ ಎಂದರೆ ಕಾರಿನ ಪೇಂಟಿನ ಮೇಲೆ ರಕ್ಷಣೆಗೆಂದು ಹಚ್ಚುವ ತೆಳು ಪದರ. ಅದರ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ಯಾವ ಬ್ರ್ಯಾಂಡ್ ಒಳ್ಳೆಯದು ಎಂದು. ಡಬ್ಬಿಯ ಮುಚ್ಚಳ ತೆಗೆಯುವುದಕ್ಕೆ ಮುಂಚಿನ ಕೆಲಸದ ಬಗ್ಗೆ ಕೇಳಿದ ಪತ್ರಗಳನ್ನೇ ನಾವು ಈ ಸಲ ಆರಿಸಿಕೊಂಡಿದ್ದೇವೆ. ಬಾಳಿಕೆ ತೀರ್ಮಾನವಾಗುವುದು ಬಹುಪಾಲು ಅಲ್ಲೇ.

ಡಬ್ಬಿಯ ಮೇಲೆ ಆರು ತಿಂಗಳು ಅಂತ ಬರೆದಿದೆ. ವಾಟರ್ ಸರ್ವೀಸ್ ಮಾಡಿಸಿಕೊಂಡು ಬಂದು ಅದೇ ದಿನ ನಾನೇ ಹಚ್ಚಿದೆ. ಎರಡು ತಿಂಗಳೊಳಗೆ ನೀರು ಹನಿಯಾಗಿ ನಿಲ್ಲುವುದೇ ಹೋಯಿತು. ಮಾಲು ನಕಲಿಯೇ?
— ಮೈಸೂರು

ಮಾಲು ನಕಲಿ ಇರಲಿಕ್ಕಿಲ್ಲ. ನಮ್ಮ ಅನುಮಾನ ಆ ವಾಟರ್ ಸರ್ವೀಸ್ ಮೇಲೆ. ಅನೇಕ ಕಡೆ ತೊಳೆದಾದ ಮೇಲೆ ಗಾಡಿಯ ಅಡಿಭಾಗಕ್ಕೆ ಡೀಸೆಲ್ ಅಥವಾ ಹಳೇ ಆಯಿಲ್ ಬೆರೆಸಿ ಗಾಳಿಯ ಗನ್ನಿನಲ್ಲಿ ಹೊಡೆಯುತ್ತಾರೆ. ಅದರ ತುಂತುರು ಬಾಗಿಲುಗಳ ಕೆಳಭಾಗ, ಬಂಪರ್, ಡಿಕ್ಕಿಯ ಮೇಲೆ ಕೂರುತ್ತದೆ. ಟೈರಿಗೆ ಬಳಿಯುವ ಸಿಲಿಕಾನ್ ಪಾಲಿಶ್ ಕೂಡ ಮೊದಲ ಓಟದಲ್ಲೇ ಫೆಂಡರಿಗೆ ಚಿಮ್ಮುತ್ತದೆ. ಕಣ್ಣಿಗೆ ಅದು ಹೊಳಪಾಗಿ ಕಾಣುತ್ತದೆ, ಆದರೆ ಇರುವುದು ಎಣ್ಣೆಯ ತೆಳು ಪದರ. ಅದರ ಮೇಲೆ ಸೀಲಂಟ್ ಹಚ್ಚುವುದು ಜಿಡ್ಡು ಗೋಡೆಗೆ ಸುಣ್ಣ ಬಳಿದ ಹಾಗೆ. ಸೀಲಂಟಿನಲ್ಲಿರುವ ಪಾಲಿಮರ್ ಹಿಡಿಯಬೇಕಾದದ್ದು ಕ್ಲಿಯರ್ ಕೋಟನ್ನು, ಅಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರವನ್ನು. ನಡುವೆ ಎಣ್ಣೆ ಇದ್ದರೆ ಅದು ಎಣ್ಣೆಯನ್ನೇ ಹಿಡಿದುಕೊಂಡು, ನಾಲ್ಕು ಸಲ ಶಾಂಪೂ ಬಿದ್ದಾಗ ಅದರ ಜೊತೆಗೇ ಹೊರಟುಹೋಗುತ್ತದೆ.

ಇನ್ನೊಂದು ಕಾರಣ, ತೊಳೆದರೂ ಹೋಗದ ಕೊಳೆ. ಕಾರು ತೊಳೆದು ಒರೆಸಿದ ಮೇಲೆ ತರಕಾರಿ ತರುವ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ, ಬೆರಳ ತುದಿಯನ್ನು ಬಾನೆಟ್ ಮೇಲೆ ಹಗುರವಾಗಿ ಎಳೆಯಿರಿ. ಬರಿಗೈಗೆ ನುಣುಪಾಗಿದ್ದ ಜಾಗ ಈಗ ತರಿತರಿಯಾಗಿ ತಾಗುತ್ತದೆ, ಚರಚರ ಸದ್ದು ಕೂಡ ಬರುತ್ತದೆ. ಟಾರಿನ ಚುಕ್ಕೆ, ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಮರದ ಅಂಟು, ನೀರಿನ ಲವಣ, ಎಲ್ಲವೂ ಹಾಗೆ ತಾಗುತ್ತವೆ. ರೂಫ್, ಬಾನೆಟ್ ಮತ್ತು ಹಿಂದಿನ ಚಕ್ರದ ಹಿಂಭಾಗ ಪರೀಕ್ಷಿಸಿ, ಹೆಚ್ಚು ಸಿಗುವುದು ಅಲ್ಲೇ.

ಕೆಲಸದ ಕ್ರಮ ಹೀಗೆ. ಮೊದಲು ಬರೀ ನೀರು ಹಾಯಿಸಿ ಮಣ್ಣು ಇಳಿಸಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ನ್ಯೂಟ್ರಲ್ ಪಿಎಚ್ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರೀ ನೀರು. ವ್ಯಾಕ್ಸ್ ಬೆರೆತ ಶಾಂಪೂ ಈ ದಿನಕ್ಕೆ ಬೇಡ, ಅದೇ ಒಂದು ಪದರ ಬಿಡುತ್ತದೆ. ಮೇಲಿನಿಂದ ಕೆಳಕ್ಕೆ ತೊಳೆಯಿರಿ, ಬಾಗಿಲ ಕೆಳಭಾಗ ಕೊನೆಗೆ. ಟಾರ್ ಚುಕ್ಕೆಗೆ ಟಾರ್ ರಿಮೂವರ್ ಹಚ್ಚಿ ಒಂದೆರಡು ನಿಮಿಷ ಬಿಟ್ಟು ಒರೆಸಿ. ಅದಾದ ಮೇಲೆ ಕಬ್ಬಿಣದ ಪುಡಿ ಕರಗಿಸುವ ಐರನ್ ರಿಮೂವರ್. ಟಾರಿನ ಅಡಿಯಲ್ಲೂ ಕಬ್ಬಿಣದ ಪುಡಿ ಸಿಕ್ಕಿಕೊಂಡಿರುವುದರಿಂದ ಟಾರ್ ಮೊದಲು ಹೋಗಬೇಕು. ನಂತರ ಕ್ಲೇ (ಪೇಂಟಿಗೆ ಅಂಟಿದ ಕೊಳೆಯನ್ನು ಎಳೆದು ತೆಗೆಯುವ, ಜೇಡಿಯಂಥ ಮೆತ್ತನೆಯ ಬಾರ್), ಬೇಕಿದ್ದರೆ ಪಾಲಿಶ್, ಆಮೇಲೆ ಆಲ್ಕೋಹಾಲ್ ಬೆರೆತ ನೀರಿನಿಂದ ಒಂದು ಒರೆಸು. ಸೀಲಂಟ್ ಎಲ್ಲಕ್ಕಿಂತ ಕೊನೆಗೆ. ಸಣ್ಣ ಹ್ಯಾಚ್‌ಬ್ಯಾಕಿಗೂ ಇದು ಅರ್ಧ ದಿನದ ಕೆಲಸ, ಅದರಲ್ಲಿ ಸೀಲಂಟ್ ಹಚ್ಚುವುದಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯ ಕೆಲಸವನ್ನಷ್ಟೇ ಮಾಡಿ ಆರು ತಿಂಗಳು ಕಾಯುವವರೇ ಜಾಸ್ತಿ ಎನ್ನುವುದು ನಮಗೆ ಬೇಸರದ ಸಂಗತಿ, ಯಾಕೆಂದರೆ ಒಳ್ಳೆಯ ಸೀಲಂಟ್ ಅಗ್ಗದ್ದಲ್ಲ.

ಮುಂದಿನ ಸಲ ವಾಟರ್ ಸರ್ವೀಸಿಗೆ ಬಿಟ್ಟಾಗ 'ಡೀಸೆಲ್ ಸ್ಪ್ರೇ ಬೇಡ, ಟೈರ್ ಪಾಲಿಶ್ ಬೇಡ' ಎಂದು ಮೊದಲೇ ಹೇಳಿಬಿಡಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು. ನೀರು ಉಳಿಸೋಣ ಅಂತ ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲೇ ಕಾರು ತೊಳೆಯುತ್ತೇನೆ. ಬಾನೆಟ್ ತುಂಬ ಬಿಳಿ ಉಂಗುರಗಳಾಗಿವೆ. ಇದರ ಮೇಲೆಯೇ ಸೀಲಂಟ್ ಹಚ್ಚಬಹುದೇ?
— ಬೆಂಗಳೂರು

ಹಚ್ಚಬೇಡಿ, ಉಂಗುರಗಳು ಅಡಿಯಲ್ಲಿ ಹಾಗೇ ಉಳಿಯುತ್ತವೆ. ನಿಮ್ಮ ಉದ್ದೇಶ ಒಳ್ಳೆಯದು. 2024ರ ಬೇಸಿಗೆಯಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದ ಮೇಲೆ ಬಹಳ ಜನ ಹೀಗೇ ಯೋಚಿಸಿದರು. ಆದರೆ ಆರ್‌ಒ ಯಂತ್ರ ಒಳ್ಳೆಯ ನೀರನ್ನು ಒಂದು ಕಡೆ ಕಳಿಸಿ, ಲವಣವನ್ನೆಲ್ಲ ಹೊರಬಿಡುವ ನೀರಿಗೆ ತುಂಬುತ್ತದೆ. ಅಂದರೆ ನೀವು ಬೋರ್‌ವೆಲ್ ನೀರಿಗಿಂತಲೂ ಗಡಸಾದ ನೀರನ್ನು ಕಾರಿಗೆ ಹಾಕುತ್ತಿದ್ದೀರಿ. ಹನಿ ಒಣಗಿದಾಗ ನೀರು ಆವಿಯಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹನಿಯ ಅಂಚಿನಲ್ಲಿ ಉಳಿಯುತ್ತವೆ. ಆ ನೀರನ್ನು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ. ಕಾರಿಗೆ ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಚಾವಣಿಯ ಮೊದಲ ನೀರನ್ನು ಬಿಟ್ಟು ಸಂಪಿನಲ್ಲಿ ಹಿಡಿದ ಮಳೆನೀರಿನಲ್ಲಿ ಗಡಸುತನ ತೀರ ಕಡಿಮೆ. ಕೊನೆಯ ಜಾಲಾಟಕ್ಕೆ ಒಂದು ಬಕೆಟ್ ಮಳೆನೀರು ಇದ್ದರೂ ಕಲೆ ಬಹಳ ಕಡಿಮೆಯಾಗುತ್ತದೆ.

ಈಗಿರುವ ಕಲೆಗೆ: ಶೇಕಡಾ 5ರ ಬಿಳಿ ವಿನೆಗರ್ ಒಂದು ಪಾಲು, ಡಿಸ್ಟಿಲ್ಡ್ ವಾಟರ್ ಒಂದು ಪಾಲು ಬೆರೆಸಿ. ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ನೀರೇ ಸಾಕು, ಆದರೆ ಬ್ಯಾಟರಿ ಆಸಿಡ್ ಬಾಟಲಿ ತರದಂತೆ ನೋಡಿಕೊಳ್ಳಿ. ಕಾರು ನೆರಳಿನಲ್ಲಿ ತಣ್ಣಗಿರಲಿ. ಮೈಕ್ರೋಫೈಬರ್ ಬಟ್ಟೆಯನ್ನು ಈ ನೀರಿನಲ್ಲಿ ಅದ್ದಿ ಕಲೆಯ ಮೇಲೆ ಒಂದೆರಡು ನಿಮಿಷ ಹಾಸಿ, ಉಜ್ಜದೆ ಒರೆಸಿ. ತಕ್ಷಣ ಶಾಂಪೂ ನೀರಿನಿಂದ ತೊಳೆಯಿರಿ. ಒಣಗಲು ಬಿಡಬೇಡಿ. ಸುಣ್ಣದ ಕಲೆಯಾಗಿದ್ದರೆ ಎರಡು ಮೂರು ಸುತ್ತಿನಲ್ಲಿ ಕರಗುತ್ತದೆ. ಕರಗಿದ ಮೇಲೂ ಓರೆ ಬೆಳಕಿನಲ್ಲಿ ಉಂಗುರದ ಆಕಾರದ ತಗ್ಗು ಕಂಡರೆ ಲವಣ ಕ್ಲಿಯರ್ ಕೋಟನ್ನು ಕೊರೆದಿದೆ ಎಂದರ್ಥ. ಅದಕ್ಕೆ ವಿನೆಗರ್ ಏನೂ ಮಾಡದು, ಪಾಲಿಶ್ ಬೇಕು.

ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಿ ಎನ್ನುವವರಿದ್ದಾರೆ. ತಾಮ್ರದ ಚೊಂಬಿಗೆ ಅದು ಸರಿ. ಕಾರಿನ ಮೇಲೆ ಹುಣಸೆಯ ನಾರು ಗೀರು ಹಾಕುತ್ತದೆ, ಹುಳಿ ಎಷ್ಟು ಗಾಢವಾಗಿದೆ ಎಂಬ ಲೆಕ್ಕವೂ ಸಿಗುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಹತ್ತಿರ ತರಬೇಡಿ. ಕ್ರೋಮ್, ಅಲಾಯ್ ವೀಲ್ ಎರಡನ್ನೂ ತಿಂದುಹಾಕುತ್ತದೆ.

ಇನ್ನೊಂದು ಮಾತು. ಸೀಲಂಟ್ ಹಚ್ಚಿದ ಕಾರಿನ ಮೇಲೂ ಇದೇ ಲವಣ ಪದರ ಕಟ್ಟುತ್ತದೆ. ಆಗ ನೀರು ಹನಿಯಾಗದೆ ಹರಡುತ್ತದೆ, ಸೀಲಂಟ್ ಹೋಯಿತೆಂದು ಜನ ಮತ್ತೆ ಹಚ್ಚುತ್ತಾರೆ. ಎಷ್ಟೋ ಸಲ ಸೀಲಂಟ್ ಅಡಿಯಲ್ಲಿ ಚೆನ್ನಾಗಿಯೇ ಇರುತ್ತದೆ. ಮೊದಲು ಒಂದು ಬಾಗಿಲಿಗೆ ಮಾತ್ರ ಈ ವಿನೆಗರ್ ನೀರು ಹಾಕಿ ತೊಳೆದು ನೋಡಿ. ಹನಿ ಮರಳಿ ಬಂದರೆ ದುಡ್ಡು ಉಳಿಯಿತು.

ಕಾರು ತೆಗೆದುಕೊಂಡು ಎರಡೇ ವಾರ, ಬಿಳಿ ಬಣ್ಣ. ಐರನ್ ರಿಮೂವರ್ ಹೊಡೆದಾಗ ಎಲ್ಲೆಡೆ ನೇರಳೆ ಬಣ್ಣ ಸುರಿಯಿತು, ಕೆಟ್ಟ ವಾಸನೆ. ಪೇಂಟ್ ಕರಗಿತೇ ಎಂದು ಹೆದರಿ ತೊಳೆದುಬಿಟ್ಟೆ. ಹೊಸ ಕಾರಿಗೆ ಕಬ್ಬಿಣ ಎಲ್ಲಿಂದ ಬರಬೇಕು?
— ಹುಬ್ಬಳ್ಳಿ

ಪೇಂಟ್ ಕರಗಿಲ್ಲ. ಐರನ್ ರಿಮೂವರಿನಲ್ಲಿರುವ ಥಯೋಗ್ಲೈಕೋಲೇಟ್ ಕಬ್ಬಿಣದ ಜೊತೆ ಸೇರಿದರೆ ಬರುವ ಬಣ್ಣ ಅದು, ವಾಸನೆಯೂ ಅದರದೇ. ಹೊಸ ಕಾರು ಕಾರ್ಖಾನೆಯಿಂದ ನಿಮ್ಮ ಮನೆಗೆ ಬರುವ ಹೊತ್ತಿಗೆ ಸ್ಟಾಕ್ ಯಾರ್ಡಿನಲ್ಲಿ ಬಯಲಲ್ಲಿ ನಿಂತಿರುತ್ತದೆ, ಎಷ್ಟೋ ಕಾರುಗಳು ರೈಲಿನಲ್ಲೂ ಬರುತ್ತವೆ. ಗಾಲಿ ಮತ್ತು ಹಳಿ ಉಜ್ಜಿ ಏಳುವ ಕಬ್ಬಿಣದ ಕಣ ಬಿಸಿಯಾಗಿ ಬಂದು ಕ್ಲಿಯರ್ ಕೋಟಿನಲ್ಲಿ ನೆಡುತ್ತದೆ. ನಿಮ್ಮ ಮನೆ ರೈಲು ಹಳಿಯ ಅಥವಾ ವೆಲ್ಡಿಂಗ್ ಶಾಪಿನ ಪಕ್ಕದಲ್ಲಿದ್ದರೆ ದಿನವೂ ಸ್ವಲ್ಪ ಬೀಳುತ್ತಲೇ ಇರುತ್ತದೆ. ಬಿಳಿ ಕಾರಿನಲ್ಲಿ ಅದು ಕೆಲ ತಿಂಗಳಲ್ಲಿ ಕಿತ್ತಳೆ ಚುಕ್ಕೆಯಾಗಿ ಕಾಣಿಸುತ್ತದೆ. ಕಪ್ಪು ಕಾರಿನಲ್ಲೂ ಅಷ್ಟೇ ಇರುತ್ತದೆ, ಕಾಣುವುದಿಲ್ಲ.

ಮತ್ತೊಮ್ಮೆ ಮಾಡಿ, ಈ ಸಲ ಪೂರ್ತಿ. ತೊಳೆದ, ತಣ್ಣಗಿರುವ ಕಾರಿಗೆ ನೆರಳಲ್ಲಿ ಹೊಡೆಯಿರಿ. ಹ್ಯಾಚ್‌ಬ್ಯಾಕಿಗೆ 200 ಮಿಲಿ ಆಸುಪಾಸು ಬೇಕಾಗುತ್ತದೆ. 3ರಿಂದ 5 ನಿಮಿಷ ಬಿಟ್ಟು, ಒಣಗುವ ಮೊದಲೇ ರಭಸದ ನೀರಿನಿಂದ ತೊಳೆಯಿರಿ. ಪೇಂಟ್ ಮೇಲೆ ಅದು ಒಣಗಿದರೆ ಕಲೆ ಉಳಿಯುತ್ತದೆ, ಆದ್ದರಿಂದ ಒಂದೊಂದು ಬದಿಯಾಗಿ ಮಾಡಿ. ಕೈಗೆ ಗ್ಲೌಸ್ ಇರಲಿ. ಓಡಿಸಿ ಬಂದ ತಕ್ಷಣ ಬಿಸಿ ಡಿಸ್ಕ್ ಮೇಲೆ ಸಿಂಪಡಿಸಬೇಡಿ. ಎರಡನೇ ಸಲ ನೇರಳೆ ತೀರ ತೆಳುವಾದರೆ ಸಾಕು, ಉಳಿದದ್ದನ್ನು ಕ್ಲೇ ಎಳೆಯುತ್ತದೆ.

ಕ್ಲೇ ಹಾಕಿದ ಮೇಲೆ ಕಪ್ಪು ಕಾರಿನ ತುಂಬ ಸಣ್ಣ ಗೆರೆಗಳು. ನನ್ನ ಕೈತಪ್ಪೇ, ಕ್ಲೇಯದೇ?
— ಶಿವಮೊಗ್ಗ

ಕಪ್ಪು ಬಣ್ಣದ ಮೇಲೆ ಕ್ಲೇ ಒಂದಿಷ್ಟು ಮಸುಕು ಗೆರೆ ಬಿಟ್ಟೇ ಬಿಡುತ್ತದೆ. ಹೆಚ್ಚಾಗಿದ್ದರೆ ಮೂರು ಕಾರಣ ಇರಬಹುದು: ಕ್ಲೇ ಒರಟು ಗ್ರೇಡಿನದು, ಜಾರಿಕೆ ಸಾಲದು, ಅಥವಾ ಕೊಳೆಯಾದ ಮುಖವನ್ನೇ ತಿರುತಿರುಗಿ ಉಜ್ಜಿದ್ದೀರಿ.

ಫೈನ್ ಗ್ರೇಡ್ ಕ್ಲೇ ತನ್ನಿ. 100 ಗ್ರಾಮಿನ ಬಾರನ್ನು ಮೂರು ತುಂಡು ಮಾಡಿ, ಒಂದನ್ನು ಬೆಚ್ಚಗಿನ ನೀರಿನಲ್ಲಿ ಮೆತ್ತಗೆ ಮಾಡಿಕೊಂಡು ಮೂರು ಬೆರಳ ಅಗಲಕ್ಕೆ ತಟ್ಟಿ. ಎರಡಡಿ ಉದ್ದ, ಎರಡಡಿ ಅಗಲದ ಜಾಗಕ್ಕೆ ಕ್ಲೇ ಲ್ಯೂಬ್ ಧಾರಾಳವಾಗಿ ಹೊಡೆಯಿರಿ. ಅದಿಲ್ಲದಿದ್ದರೆ ಶಾಂಪೂ ನೀರು ಆಗುತ್ತದೆ. ಒತ್ತಬೇಡಿ, ಬೆರಳಿನ ಭಾರವಷ್ಟೇ ಇರಲಿ. ಕೈ ನೇರ ಗೆರೆಯಲ್ಲಿ ಹೋಗಿಬರಲಿ, ಸುತ್ತು ಹಾಕಬಾರದು. ಶುರುವಿನಲ್ಲಿ ಕ್ಲೇ ತಡೆತಡೆದು ಎಳೆಯುತ್ತದೆ, ಸಣ್ಣ ಸದ್ದೂ ಬರುತ್ತದೆ. ಆ ಸದ್ದು ನಿಂತು ಕ್ಲೇ ಸರಾಗವಾಗಿ ಜಾರತೊಡಗಿದರೆ ಆ ಜಾಗ ಮುಗಿಯಿತು. ಅಡಿ ತಿರುಗಿಸಿ ನೋಡಿ, ಕಂದು ಬಣ್ಣ ಬಂದಿದ್ದರೆ ಮಡಚಿ ಹೊಸ ಮುಖ ತೆಗೆಯಿರಿ. ನೆಲಕ್ಕೆ ಬಿದ್ದ ಕ್ಲೇ ತುಂಡನ್ನು ಎಷ್ಟೇ ತೊಳೆದರೂ ಮತ್ತೆ ಪೇಂಟಿಗೆ ಮುಟ್ಟಿಸಬೇಡಿ. ಅದರೊಳಗೆ ಸೇರಿದ ಒಂದು ಹರಳು ಇಡೀ ಬಾನೆಟ್ಟಿಗೆ ಗೆರೆ ಹಾಕುತ್ತದೆ.

ವರ್ಷಕ್ಕೆ ಒಂದು ಸಲ ಸಾಕು. ಕ್ಲೇ ಹಳೆಯ ಸೀಲಂಟನ್ನೂ ತಿಂದುಹಾಕುವುದರಿಂದ, ಹಾಕಿದ ಮೇಲೆ ಕಾರನ್ನು ಬರಿದಾಗಿ ಬಿಡುವಂತಿಲ್ಲ.

ಎಂಟು ವರ್ಷದ ಕಾರು. ಸೀಲಂಟಿಗೆ ಮುಂಚೆ ಕಾಂಪೌಂಡ್ (ಒರಟು ಪಾಲಿಶ್) ಹಾಕಿ ಮೆಷಿನ್ ಹೊಡೆಯಲೇಬೇಕು ಎನ್ನುತ್ತಾರೆ. ಹೊಡೆಸಲೇ?
— ಬೆಳಗಾವಿ

ಹೊಡೆಸಲೇಬೇಕು ಎಂದೇನಿಲ್ಲ. ಸೀಲಂಟ್ ನಿಲ್ಲಲು ಬೇಕಾದದ್ದು ಶುದ್ಧ ಮೇಲ್ಮೈ. ಗೀರಿಲ್ಲದಿದ್ದರೆ ನೋಡಲು ಚೆಂದ, ಆದರೆ ಗೀರಿರುವ ಶುದ್ಧ ಪೇಂಟಿನ ಮೇಲೂ ಸೀಲಂಟ್ ನಿಲ್ಲುತ್ತದೆ. ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ. ಹಗುರ ಪಾಲಿಶ್ ಒಂದೆರಡು ಮೈಕ್ರಾನ್ ತೆಗೆದರೆ, ಉಣ್ಣೆಯ ಪ್ಯಾಡ್ ಹಾಕಿ ರೋಟರಿ ಮೆಷಿನಿನಲ್ಲಿ ಕಾಂಪೌಂಡ್ ಉಜ್ಜುವಾಗ ಅದಕ್ಕಿಂತ ಎಷ್ಟೋ ಹೆಚ್ಚು ಹೋಗುತ್ತದೆ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಪೇಂಟ್ ಮೊದಲೇ ತೆಳು, ಅಲ್ಲಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಹೋದ ಕ್ಲಿಯರ್ ಕೋಟ್ ಮರಳಿ ಬಾರದು.

ಪೇಂಟ್ ಮಂಕಾಗಿದ್ದರೆ ಡ್ಯುಯಲ್ ಆಕ್ಷನ್ ಮೆಷಿನ್ (ತಿರುಗುತ್ತಲೇ ಅಲುಗುವ, ರೋಟರಿಗಿಂತ ಸೌಮ್ಯವಾದ ಮೆಷಿನ್), ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್ ಇಷ್ಟರಿಂದ ಶುರುಮಾಡಲು ಹೇಳಿ. ಒಂದೂವರೆ ಅಡಿ ಚದರದ ಜಾಗದಲ್ಲಿ ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಹಾಕಿ ಮೊದಲು ಪರೀಕ್ಷೆ ಮಾಡಲಿ. ಅಷ್ಟಕ್ಕೇ ತೃಪ್ತಿಯಾದರೆ ಇಡೀ ಕಾರಿಗೆ ಅದೇ ಸಾಕು. ಪೇಂಟಿನ ದಪ್ಪ ಅಳೆಯುವ ಗೇಜ್ ಇಲ್ಲದ ಅಂಗಡಿಯಲ್ಲಿ ಹಳೇ ಕಾರಿಗೆ ಕಾಂಪೌಂಡ್ ಹಾಕಿಸಬೇಡಿ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಉಗುರಿಗೆ ಸಿಕ್ಕುವ ಗೀರು ಪಾಲಿಶಿನಿಂದ ಹೋಗದು, ಅದರ ಬೆನ್ನು ಹತ್ತಬೇಡಿ. ರೂಫ್ ಮೇಲೆ ಬಿಳಿಚಿಕೊಂಡು ಪೊರೆ ಏಳುತ್ತಿದ್ದರೆ ಕ್ಲಿಯರ್ ಕೋಟೇ ಸತ್ತಿದೆ. ಅಲ್ಲಿ ಸೀಲಂಟ್ ಖರ್ಚು ದಂಡ, ಪೇಂಟ್ ಮಾಡಿಸುವುದೊಂದೇ ದಾರಿ.

ಪಾಲಿಶ್ ಆದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಎಣ್ಣೆಯೆಲ್ಲ ಹೋಗುವುದಿಲ್ಲವೇ? ಆಲ್ಕೋಹಾಲ್ ಯಾಕೆ? ಮನೆಯಲ್ಲಿ ಸ್ಯಾನಿಟೈಸರ್ ಉಳಿದಿದೆ.
— ತುಮಕೂರು

ಪಾಲಿಶಿನಲ್ಲಿ ಮೆಷಿನಿಗೆ ಜಾರಿಕೆ ಕೊಡುವ ಎಣ್ಣೆ ಇರುತ್ತದೆ, ಕೆಲವದರಲ್ಲಿ ಗೀರು ಮುಚ್ಚುವ ಫಿಲ್ಲರ್ ಕೂಡ. ಪಾಲಿಶ್ ಮಾಡಿಸಿದ ದಿನ ಕನ್ನಡಿಯಂತಿದ್ದ ಕಾರು ಎರಡು ತೊಳೆತಕ್ಕೆ ಹಳೇ ಗೀರು ತೋರಿಸುವುದು ಈ ಫಿಲ್ಲರಿನಿಂದಲೇ. ಪಾತ್ರೆ ಲಿಕ್ವಿಡ್ ಇದನ್ನು ಪೂರ್ತಿ ತೆಗೆಯುವ ಭರವಸೆ ಇಲ್ಲ. ಜೊತೆಗೆ ಅದು ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್ಕನ್ನು ಒಣಗಿಸುತ್ತದೆ.

ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲ್ 150 ಮಿಲಿ, ಡಿಸ್ಟಿಲ್ಡ್ ವಾಟರ್ 850 ಮಿಲಿ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ. ಒಂದು ಬಾರಿಗೆ ಅರ್ಧ ಬಾಗಿಲಿನಷ್ಟು ಜಾಗಕ್ಕೆ ಸಿಂಪಡಿಸಿ, ಒಂದು ಬಟ್ಟೆಯಲ್ಲಿ ಒರೆಸಿ, ಎರಡನೆಯ ಒಣ ಬಟ್ಟೆಯಲ್ಲಿ ಮುಗಿಸಿ. ಒಂದೇ ಬಟ್ಟೆ ಇದ್ದರೆ ತೆಗೆದ ಎಣ್ಣೆಯನ್ನು ಮುಂದಿನ ಬಾಗಿಲಿಗೆ ಬಳಿದಂತಾಗುತ್ತದೆ. ಹೆಚ್ಚು ಗಾಢ ಮಾಡಿದರೆ ಕ್ಲಿಯರ್ ಕೋಟ್ ಸ್ವಲ್ಪ ಹೊತ್ತು ಮೆತ್ತಗಾಗಿ, ಒರೆಸುವ ಬಟ್ಟೆಯೇ ಗೀರು ಹಾಕುತ್ತದೆ. ಪೆಟ್ರೋಲ್, ಥಿನ್ನರ್ ಮುಟ್ಟಬೇಡಿ. ಸ್ಯಾನಿಟೈಸರ್ ಬೇಡ, ಕೈ ಒಣಗದಿರಲಿ ಎಂದು ಅದಕ್ಕೆ ಗ್ಲಿಸರಿನ್ ಹಾಕಿರುತ್ತಾರೆ. ತೆಗೆಯಬೇಕಾದ ಜಿಡ್ಡಿನ ಜಾಗದಲ್ಲಿ ಇನ್ನೊಂದು ಪದರ ಕೂರುತ್ತದೆ.

ಹಾಗೆಯೇ ಈ ಬಟ್ಟೆಗಳನ್ನು ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ. ಅದರ ಪಸೆ ಮೈಕ್ರೋಫೈಬರಿನಲ್ಲಿ ಉಳಿದು ಪೇಂಟಿಗೆ ಹತ್ತುತ್ತದೆ.

ಬಾಗಿಲು ಗೀರಾಗಿ ಹೊಸದಾಗಿ ಪೇಂಟ್ ಮಾಡಿಸಿದೆ. ಯಾವಾಗ ಹಚ್ಚಲಿ?
— ದಾವಣಗೆರೆ

ಒಂದು ತಿಂಗಳು ಕಾಯಿರಿ, ಪೇಂಟರ್ ಇನ್ನೂ ಹೆಚ್ಚು ಹೇಳಿದರೆ ಅಷ್ಟು. ಕಾರ್ಖಾನೆಯಲ್ಲಿ ಪೇಂಟನ್ನು 140 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಗ್ಯಾರೇಜಿನ ಬೂತಿನಲ್ಲಿ ಸುಮಾರು 60 ಡಿಗ್ರಿ, ಬೂತ್ ಇಲ್ಲದಿದ್ದರೆ ಅದೂ ಇಲ್ಲ. ಹೀಗಾಗಿ ದ್ರಾವಕ ವಾರಗಟ್ಟಲೆ ಹೊರಬರುತ್ತಿರುತ್ತದೆ, ಅದಕ್ಕೆ ಮುಚ್ಚಳ ಹಾಕಬಾರದು. ಉಳಿದ ಭಾಗಕ್ಕೆ ಈಗಲೇ ಹಚ್ಚಬಹುದು.

ನಮ್ಮಲ್ಲಿ ಬಿಸಿಲು ನಿಮಗೆ ಗೊತ್ತೇ ಇದೆ. ಕಾರು ನಿಲ್ಲಿಸಲು ಶೆಡ್ ಇಲ್ಲ. ಸೀಲಂಟ್ ಹಚ್ಚಿದ ತಕ್ಷಣ ಪಟ್ಟೆ ಪಟ್ಟೆಯಾಗುತ್ತದೆ.
— ಕಲಬುರಗಿ

ನೆರಳಲ್ಲೇ 40 ಡಿಗ್ರಿ ದಾಟುವ ಊರಿನಲ್ಲಿ ಬಿಸಿಲಿಗೆ ನಿಂತ ಬಾನೆಟ್ 60 ಡಿಗ್ರಿ ಮೀರುತ್ತದೆ. ದ್ರಾವಕ ನೀವು ಹರಡುವ ಮೊದಲೇ ಹಾರಿಹೋಗಿ, ಪಾಲಿಮರ್ ಹಚ್ಚಿದಲ್ಲೇ ಗಟ್ಟಿಯಾಗುತ್ತದೆ. ಬೆಳಗ್ಗೆ ಆರಕ್ಕೆ ಶುರುಮಾಡಿ, ಬಿಸಿಲು ಏರುವ ಮೊದಲು ಮುಗಿಸಿ. ಅಂಗೈಯ ಹಿಂಬದಿ ಬಾನೆಟ್ ಮೇಲಿಟ್ಟರೆ ತಣ್ಣಗಿರಬೇಕು. ಅಂದು ಎಂಜಿನ್ ಸ್ಟಾರ್ಟ್ ಮಾಡಿರಬಾರದು. ತೊಳೆಯುವುದು, ಕ್ಲೇ ಎಲ್ಲ ಹಿಂದಿನ ಸಂಜೆಯೇ ಆಗಲಿ. ಬೆಳಗ್ಗೆ ಕೂತ ಧೂಳನ್ನು ಒಣಬಟ್ಟೆಯಲ್ಲಿ ಒರೆಸದೆ ನೀರು ಹಾಯಿಸಿ ಒಣಗಿಸಿ, ಆಲ್ಕೋಹಾಲ್ ನೀರಿನಿಂದ ಒರೆಸಿ, ಒಂದೊಂದೇ ಪ್ಯಾನೆಲ್ ಹಚ್ಚಿ. ಒಂದೇ ದಿನ ಮುಗಿಯದಿದ್ದರೆ ಎಡಬದಿ ಒಂದು ದಿನ, ಬಲಬದಿ ಮರುದಿನ ಮಾಡಿ, ನಷ್ಟವೇನಿಲ್ಲ.

ಪಟ್ಟೆಗೆ ಇನ್ನೊಂದು ಕಾರಣ ದಪ್ಪ ಹಚ್ಚುವುದು. ಹ್ಯಾಚ್‌ಬ್ಯಾಕಿಗೆ 20ರಿಂದ 30 ಮಿಲಿ ಧಾರಾಳವಾಯಿತು. ಹೆಚ್ಚು ಹಾಕಿದ್ದೆಲ್ಲ ಒರೆಸುವ ಬಟ್ಟೆಗೆ ಹೋಗುತ್ತದೆ. ಮಂಜಿನಂತೆ ಒಣಗಿದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದರೆ ಒರೆಸಬಹುದು, ಹಿಸುಕಿಕೊಂಡರೆ ಇನ್ನೂ ಕಾಯಬೇಕು.

ಮಳೆಗಾಲಕ್ಕೆ ಮುಂಚೆ ಹಚ್ಚುವುದೋ, ಮುಗಿದ ಮೇಲೋ?
— ಮಂಗಳೂರು

ವರ್ಷಕ್ಕೆ ಒಮ್ಮೆಯೇ ಆದರೆ ಮೇ ಮೊದಲ ಎರಡು ವಾರದಲ್ಲಿ. ಜೂನ್ ಆರಂಭದಲ್ಲಿ ಮಳೆ ಹಿಡಿದರೆ ನಿಮ್ಮಲ್ಲಿ ಒಣ ದಿನ ಸಿಗುವುದು ಕಷ್ಟ. ಪಾಲಿಮರ್ ಸೀಲಂಟಿಗೆ ಹಚ್ಚಿದ ಮೇಲೆ ಕನಿಷ್ಠ 12 ಗಂಟೆ ನೀರು ತಾಗಬಾರದು, 24 ಆದರೆ ಒಳ್ಳೆಯದು. ತೇವದ ಗಾಳಿಯಲ್ಲಿ ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಹಾಗಾಗಿ ಒರೆಸುವ ಮೊದಲು ಕಲಬುರಗಿಯವರಿಗಿಂತ ನೀವು ಹೆಚ್ಚು ಹೊತ್ತು ಕಾಯಬೇಕಾದೀತು. ಮಳೆಗಾಲದಲ್ಲಿ ಹಾರುವ ಕೆಂಪು ಮುರಕಲ್ಲಿನ ಕೆಸರನ್ನು ಒಣಗಿದ ಮೇಲೆ ಒರೆಸಬೇಡಿ, ನೆನೆಸಿ ಇಳಿಸಿ. ಕಡಲ ಉಪ್ಪು ಗಟ್ಟಿ ಪೇಂಟನ್ನು ಬೇಗ ಕೆಡಿಸದು. ಅದು ಹೊಂಚುಹಾಕುವುದು ಕಲ್ಲು ಹೊಡೆದು ಪೇಂಟ್ ಹಾರಿದ ಚುಕ್ಕೆಗಳಲ್ಲಿ. ಸೀಲಂಟಿಗೆ ಮುಂಚೆ ಅಂಥ ಚುಕ್ಕೆಗಳಿಗೆ ಟಚ್‌ಅಪ್ ಪೇಂಟ್ ಇಟ್ಟುಬಿಡಿ. ಸೀಲಂಟ್ ಹಚ್ಚಿದ ಮೇಲೆ ಇಟ್ಟರೆ ಟಚ್‌ಅಪ್ ಹಿಡಿಯುವುದಿಲ್ಲ.

ಎರಡು ಕೋಟ್ ಹಚ್ಚಿದರೆ ಬಾಳಿಕೆ ಎರಡು ಪಟ್ಟಾಗುತ್ತದೆಯೇ?
— ಹಾಸನ

ಆಗುವುದಿಲ್ಲ. ಎರಡನೇ ಕೋಟಿನ ಪ್ರಯೋಜನ ಮೊದಲನೆಯದರಲ್ಲಿ ಬಿಟ್ಟುಹೋದ ಜಾಗ ಮುಚ್ಚುವುದು, ಅದಕ್ಕಾಗಿ ಹಚ್ಚಿ. ನಡುವೆ ಎಷ್ಟು ಗಂಟೆ ಬಿಡಬೇಕೆಂದು ಡಬ್ಬಿ ಹೇಳುತ್ತದೆ, ಅದನ್ನೇ ಪಾಲಿಸಿ. ಮೊದಲನೆಯದು ಗಟ್ಟಿಯಾಗುವ ಮುಂಚೆ ಹಚ್ಚಿದರೆ ಎರಡನೆಯದರ ದ್ರಾವಕ ಅದನ್ನು ಕಿತ್ತುಹಾಕುತ್ತದೆ. ಮೂರನೆಯದರ ದುಡ್ಡಿಗೆ ಒಂದು ಬಾರ್ ಕ್ಲೇ ತನ್ನಿ.